ಕ್ವಾರಿಗೆ ಟಿಪ್ಪರ್, ಇಟಾಚಿ ಬಿಡುವ ಮೊದಲು ಹಾಕಬೇಕಾದ ಲೆಕ್ಕ

ಪೇರೇಸಂದ್ರ, ಗುಡಿಬಂಡೆ ಕಡೆ ಹೋಗಿ, ಮಾಲೂರು ತಾಲ್ಲೂಕಿನ ಟೇಕಲ್‌ಗೆ ಹೋಗಿ, ಇಲ್ಲಾ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ಕಡೆ ಹೋಗಿ, ಟೀ ಅಂಗಡಿಯಲ್ಲಿ ಒಂದೇ ಮಾತು. "ಎರಡೆಕರೆ ಮಾರಿ ಒಂದು ಹೈವಾ ಟಿಪ್ಪರ್ ಬಿಟ್ಟರೆ ಸಾಕು, ಕೂತಲ್ಲೇ ದುಡ್ಡು." ಕೂತಲ್ಲೇ ಯಾರಿಗೂ ದುಡ್ಡು ಬರುವುದಿಲ್ಲ. ಓಡಾಡಿದರೆ ಬರಬಹುದು. ಆದರೆ ಲೆಕ್ಕವನ್ನು ಷೋರೂಮಿನಿಂದ ಶುರು ಮಾಡಬಾರದು, ಕ್ವಾರಿಯಿಂದ ಶುರು ಮಾಡಬೇಕು.

ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಒಂದೇ. ಆರ್‌ಸಿಯಲ್ಲಿ ಬರೆದಿರುವ ತೂಕಕ್ಕೆ ಲೋಡ್ ಮಾಡಿ, ಗಣಿ ಇಲಾಖೆಯ ಸಾಗಣೆ ಪರ್ಮಿಟ್ ಇರುವ ಟ್ರಿಪ್ಪು ಮಾತ್ರ ಹೊಡೆದರೂ ಕಂತು ಕಟ್ಟಿ ಕೈಯಲ್ಲಿ ಏನಾದರೂ ಉಳಿಯುತ್ತದಾ? ಉಳಿಯುವುದಾದರೆ ಗಾಡಿ ತಗೊಳ್ಳಿ. ಓವರ್‌ಲೋಡ್ ಹೊಡೆದರೆ ಮಾತ್ರ ಕಂತು ಹುಟ್ಟುತ್ತದೆ ಅನ್ನುವುದಾದರೆ ಆ ಗಾಡಿಯನ್ನು, ಆ ಕ್ವಾರಿಯನ್ನು ಬಿಟ್ಟುಬಿಡಿ. ಮುಂದೆ ಬರೆದಿರುವುದೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ದಾರಿ.

ಮೊದಲು ಕ್ವಾರಿಯ ಕಾಗದ ನೋಡಿ

ಗಾಡಿ ಬಿಡುವವರು ಕ್ವಾರಿ ಮಾಲೀಕರ ಹತ್ತಿರ ಕಾಗದ ಕೇಳುವುದೇ ಇಲ್ಲ. ಕೇಳಿದರೆ ಎಲ್ಲಿ ಕೆಲಸ ಕೊಡುವುದಿಲ್ಲವೋ ಅನ್ನುವ ಭಯ. ನಾನು ಹೇಳುವುದು, ಕಾಗದ ತೋರಿಸದವನ ಹತ್ತಿರ ಕೆಲಸ ಸಿಗದಿದ್ದರೆ ಅದೇ ಒಳ್ಳೆಯದು. ಮುಖ್ಯವಾಗಿ ನೋಡಬೇಕಾದದ್ದು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಗುತ್ತಿಗೆ ಪತ್ರ, ಪರಿಸರ ಅನುಮತಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ. ಕ್ರಷರ್ ಇದ್ದರೆ ಅದಕ್ಕೆ ಬೇರೆಯೇ ಲೈಸೆನ್ಸ್ ಇರುತ್ತದೆ, 2011ರ ಕಲ್ಲು ಕ್ರಷರ್ ನಿಯಂತ್ರಣ ಕಾಯ್ದೆಯ ಕೆಳಗೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಕ್ರಷರ್ ಲೈಸೆನ್ಸ್ ಫ್ರೇಮ್ ಹಾಕಿಸಿ ಆಫೀಸಿನ ಗೋಡೆಗೆ ನೇತು ಹಾಕಿರುತ್ತಾರೆ, ಅದನ್ನು ನೋಡಿ ಇವರಿಗೆ ಸಮಾಧಾನ ಆಗಿಬಿಡುತ್ತದೆ, ಆದರೆ ಆ ಕ್ರಷರ್‌ಗೆ ಬೋಲ್ಡರ್ ಬರುತ್ತಿರುವ ಬಂಡೆಗೆ ಗುತ್ತಿಗೆ ಇದೆಯಾ ಅಂತ ಯಾರೂ ಕೇಳಿರುವುದಿಲ್ಲ.

ಗುತ್ತಿಗೆ ಪತ್ರದಲ್ಲಿ ಮೂರು ವಿಷಯ ನೋಡಿ: ಸರ್ವೆ ನಂಬರ್, ಎಷ್ಟು ಎಕರೆ, ಯಾವತ್ತಿನವರೆಗೆ. ಆಮೇಲೆ ಜಾಗಕ್ಕೆ ಹೋಗಿ ಗಡಿ ಕಂಬ ಎಲ್ಲಿದೆ ಅಂತ ಕೇಳಿ. ಸರಿಯಾಗಿ ನಡೆಯುವ ಕ್ವಾರಿಯಲ್ಲಿ ಮೂಲೆ ಮೂಲೆಗೆ ಕಂಬ ನೆಟ್ಟು ನಂಬರ್ ಬರೆದಿರುತ್ತಾರೆ. ಕಂಬದ ಆಚೆ ಬಂಡೆ ಒಡೆದ ಗುರುತು ಹೊಸದಾಗಿ ಕಾಣಿಸಿದರೆ, ಪಕ್ಕದ ಗೋಮಾಳಕ್ಕೋ ಅರಣ್ಯಕ್ಕೋ ಕೈ ಹಾಕಿದ್ದಾರೆ ಅಂತ ಅರ್ಥ. ನಾಳೆ ಇಲಾಖೆಯ ತಂಡ ಬಂದು ಹಿಡಿಯುವಾಗ ಅಲ್ಲಿ ನಿಂತಿರುವುದು ನಿಮ್ಮ ಇಟಾಚಿ (ಬಂಡೆ ಅಗೆಯುವ ಎಕ್ಸ್‌ಕವೇಟರ್), ಮಾಲೀಕರ ಕಾರಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. 1957ರ ಗಣಿ ಮತ್ತು ಖನಿಜ ಕಾಯ್ದೆಯ 21ನೇ ಕಲಂ ಪ್ರಕಾರ ಅನುಮತಿ ಇಲ್ಲದೆ ಖನಿಜ ತೆಗೆದರೂ ತಪ್ಪು, ಸಾಗಿಸಿದರೂ ತಪ್ಪು. ಐದು ವರ್ಷದವರೆಗೆ ಜೈಲು ಹಾಕಬಹುದು. ಗಾಡಿ, ಮೆಷಿನ್ ಎರಡನ್ನೂ ಜಪ್ತಿ ಮಾಡಬಹುದು, ಕೋರ್ಟು ಬಯಸಿದರೆ ಮುಟ್ಟುಗೋಲೂ ಹಾಕಬಹುದು. "ನಾನು ಬಾಡಿಗೆಗೆ ಕೊಟ್ಟವನು ಅಷ್ಟೇ ಸಾರ್" ಅಂದರೆ ಗಾಡಿ ಅವತ್ತೇ ಬಿಡುಗಡೆ ಆಗುವುದಿಲ್ಲ. ಅದು ಠಾಣೆ ಮುಂದೆ ಮಳೆ ಬಿಸಿಲಲ್ಲಿ ನಿಂತಿರುತ್ತದೆ, ಕಂತಿನ ತಾರೀಖು ಮಾತ್ರ ನಿಲ್ಲುವುದಿಲ್ಲ.

ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಆಗಸ್ಟ್‌ನಲ್ಲಿ ಅದೇ ಆದೇಶ ಚಿತ್ರದುರ್ಗಕ್ಕೂ ತುಮಕೂರಿಗೂ ಬಂತು. ಆಮೇಲೆ ತಪ್ಪು ಎಷ್ಟು ಅಂತ ನೋಡಿ ಗಣಿಗಳನ್ನು ಎ, ಬಿ, ಸಿ ಅಂತ ಮೂರು ಗುಂಪು ಮಾಡಿದರು. 2013ರ ಏಪ್ರಿಲ್ ತೀರ್ಪಿನಲ್ಲಿ ಸಿ ಗುಂಪಿನ ಗುತ್ತಿಗೆಗಳೇ ರದ್ದಾದವು. ತಪ್ಪು ಕಡಿಮೆ ಇದ್ದ ಗಣಿಗಳು ನಿಧಾನವಾಗಿ ಮತ್ತೆ ಶುರುವಾದವು, ಗಡಿ ದಾಟಿ ಅಗೆದಿದ್ದವರದ್ದು ಮುಗಿದೇ ಹೋಯಿತು. ಲಾರಿ ಮಾಲೀಕರಲ್ಲಿ ತಪ್ಪು ಮಾಡಿದವರು ಯಾರು, ಮಾಡದವರು ಯಾರು ಅಂತ ಬ್ಯಾಂಕಿನವರು ಕೇಳಲಿಲ್ಲ. ಹಾಗಾಗಿ ಕ್ವಾರಿಯ ಕಾಗದ ಅನ್ನುವುದು ಮಾಲೀಕರ ವಿಷಯ, ನನಗ್ಯಾಕೆ ಅನ್ನಬೇಡಿ. ನಿಮ್ಮ ಸಾಲಕ್ಕೆ ನಿಜವಾದ ಆಧಾರ ಆ ಕಾಗದವೇ.

ತೂಕದ ಲೆಕ್ಕ

ಈಗ ಅಸಲಿ ವಿಷಯಕ್ಕೆ ಬರೋಣ. ಟಿಪ್ಪರ್‌ಗಳ ಹೆಸರಿನಲ್ಲಿ ನಾಲ್ಕು ಅಂಕಿ ಇರುತ್ತದೆ, 2830, 3525 ಹೀಗೆ. ಸಾಮಾನ್ಯವಾಗಿ ಮೊದಲ ಎರಡು ಅಂಕಿ ಒಟ್ಟು ತೂಕ, ಟನ್ನಿನಲ್ಲಿ. ಆಮೇಲಿನ ಎರಡು ಎಂಜಿನ್ ಶಕ್ತಿ, ಒಂದು ಸೊನ್ನೆ ಸೇರಿಸಿ ಓದಿದರೆ ಹಾರ್ಸ್‌ಪವರ್. 2830 ಅಂದರೆ 28 ಟನ್, 300 ಹಾರ್ಸ್‌ಪವರ್. ಹತ್ತು ಚಕ್ರದ್ದು 28 ಟನ್, ಹನ್ನೆರಡು ಚಕ್ರದ್ದು 35 ಟನ್. ಇದು ಗಾಡಿಯೂ ಸೇರಿದ ತೂಕ, ಬರೀ ಜಲ್ಲಿಯ ತೂಕ ಅಲ್ಲ.

ಹತ್ತು ಚಕ್ರದ ಗಾಡಿ, ಮಾಲು ತುಂಬುವ ಹಿಂದಿನ ಡಬ್ಬದ ಸಮೇತ ಸುಮಾರು ಹನ್ನೆರಡು ಟನ್ ತೂಗುತ್ತದೆ ಅಂತ ಇಟ್ಟುಕೊಳ್ಳಿ. ನಿಮ್ಮ ಗಾಡಿಯದ್ದು ಎಷ್ಟು ಅಂತ ಆರ್‌ಸಿಯಲ್ಲೇ ಇರುತ್ತದೆ, ಅದನ್ನೇ ಹಿಡಿಯಿರಿ. ಹನ್ನೆರಡು ಕಳೆದರೆ ಉಳಿಯುವುದು 16 ಟನ್. ಅಷ್ಟೇ ನಿಮ್ಮ ಲೋಡು. ಈಗ ಡಬ್ಬ ನೋಡಿ. ಹತ್ತು ಚಕ್ರದ ಗಾಡಿಗೆ 14, 16 ಘನ ಮೀಟರಿನ ಡಬ್ಬ ಕೂರಿಸಿ ಮಾರುತ್ತಾರೆ. ಒಂದು ಘನ ಮೀಟರ್ ಜಲ್ಲಿ ಹೆಚ್ಚು ಕಡಿಮೆ ಒಂದೂವರೆ ಟನ್. ಹದಿನಾರು ಘನ ಮೀಟರ್ ಡಬ್ಬ ಅಂಚಿನ ತನಕ ತುಂಬಿದರೆ 24 ಟನ್ ಆಯಿತು. ಎಂಟು ಟನ್ ಜಾಸ್ತಿ. ಡಬ್ಬದ ಮೇಲೆ ಗುಡ್ಡೆ ಕಟ್ಟಿದ್ದಲ್ಲ, ಹಲಗೆ ಏರಿಸಿದ್ದಲ್ಲ, ಸುಮ್ನೆ ಡಬ್ಬ ತುಂಬಿದ್ದು ಅಷ್ಟೇ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಎಂಟು ಟನ್ನಿಗೆ ಒಟ್ಟು 36,000. ಜಾಸ್ತಿ ಇರುವ ಮಾಲನ್ನು ಅಲ್ಲೇ ಇಳಿಸುವುದಕ್ಕೂ ಹೇಳಬಹುದು, ಅದರ ಖರ್ಚೂ ನಿಮ್ಮದೇ. ಆ ಎಂಟು ಟನ್ನಿಗೆ ನಿಮಗೆ ಸಿಗುವ ಬಾಡಿಗೆ ಎಷ್ಟು ಅಂತ ನಿಮಗೇ ಗೊತ್ತು.

ಹಾಗಾಗಿ ಡಬ್ಬದ ಒಳಗೆ ಗೆರೆ ಎಳೆಸಿ. ಹದಿನಾರು ಟನ್ ಜಲ್ಲಿ ಅಂದರೆ ಹತ್ತೂವರೆ ಘನ ಮೀಟರ್ ಚಿಲ್ಲರೆ, ನಮ್ಮ ಕಡೆಯ ಲೆಕ್ಕದಲ್ಲಿ ಮುನ್ನೂರ ಎಪ್ಪತ್ತು ಘನ ಅಡಿಯ ಹತ್ತಿರ. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತೆಗೆದ ಮರಳು) ಇದ್ದರೆ ಗೆರೆ ಇನ್ನೂ ಸ್ವಲ್ಪ ಕೆಳಗೆ ಬರುತ್ತದೆ, ಒದ್ದೆ ಇದ್ದರೆ ಮತ್ತೂ ಕೆಳಗೆ. ಕಬ್ಬಿಣದ ಅದಿರು ಆದರೆ ಡಬ್ಬದ ಅರ್ಧಕ್ಕೂ ಬರುವುದಿಲ್ಲ, ಏಳು ಘನ ಮೀಟರ್ ಆಸುಪಾಸಿಗೇ ತೂಕ ಮುಗಿಯುತ್ತದೆ. ಜಲ್ಲಿಗೆ ಒಂದು ಬಣ್ಣ, ಸ್ಯಾಂಡಿಗೆ ಒಂದು ಬಣ್ಣ. ಪೇಂಟಿನ ಖರ್ಚು ಏನೂ ಇಲ್ಲ. "ಇನ್ನೊಂದು ಬಕೆಟ್ ಹಾಕ್ಲಾ ಅಣ್ಣ?" ಅಂತ ಲೋಡರಿನವನು ಕೇಳಿದಾಗ ಡ್ರೈವರ್ ಗೆರೆ ತೋರಿಸಿದರೆ ಸಾಕು, ಜಗಳ ಇಲ್ಲ. ವೇ ಬ್ರಿಡ್ಜ್ ಚೀಟಿಯನ್ನು ಪ್ರತಿ ಟ್ರಿಪ್ಪಿಗೂ ತಗೊಳ್ಳಿ. ಖಾಲಿ ತೂಕವನ್ನು ತಿಂಗಳಿಗೊಮ್ಮೆ ಮತ್ತೆ ನೋಡಿ, ಡಬ್ಬದ ತಳಕ್ಕೆ ಅಂಟಿಕೊಂಡ ಡಸ್ಟೇ ಕೆಲವು ಸಲ ಸಾಕಷ್ಟು ತೂಗುತ್ತದೆ.

ಕಂತಿನ ಲೆಕ್ಕವನ್ನು ಈ 16 ಟನ್ನಿನ ಮೇಲೆ ಹಾಕಿ. ತಿಂಗಳಿಗೆ ಮೂವತ್ತು ದಿನ ಹಿಡಿಯಬೇಡಿ, ಇಪ್ಪತ್ತೆರಡು ಹಿಡಿಯಿರಿ. ಮಳೆ, ಹಬ್ಬ, ಪರ್ಮಿಟ್ ಸರ್ವರ್ ಕೆಲಸ ಮಾಡದ ದಿನ, ಊರಿನವರು ರಸ್ತೆ ತಡೆದ ದಿನ, ಡ್ರೈವರ್ ಮದುವೆಗೆ ಹೋದ ದಿನ, ಎಲ್ಲ ಸೇರಿ ಎಂಟು ದಿನ ಹೋಗೇ ಹೋಗುತ್ತದೆ. ಬಂದ ಬಾಡಿಗೆಯಲ್ಲಿ ಡೀಸೆಲ್, ಡ್ರೈವರ್ ಸಂಬಳ, ಬಾಟಾ, ಇನ್ಶೂರೆನ್ಸ್, ಟ್ಯಾಕ್ಸ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಖರ್ಚು ಕಳೆಯಿರಿ. ಟೈರ್ ದುಡ್ಡನ್ನು ಪ್ರತಿ ತಿಂಗಳೂ ಬೇರೆ ಖಾತೆಗೆ ಹಾಕಿ. ಹತ್ತು ಟೈರ್ ಒಟ್ಟಿಗೆ ಸವೆಯುತ್ತವೆ, ಬಂಡೆ ಚೂರಿನ ಮೇಲೆ ಓಡುವ ಗಾಡಿಗೆ ಇನ್ನೂ ಬೇಗ. ಈ ಖಾತೆ ಮಾಡದವರು ಟೈರ್ ಬದಲಾಯಿಸುವ ತಿಂಗಳಲ್ಲಿ ಕಂತು ತಪ್ಪಿಸುತ್ತಾರೆ, ಆಮೇಲೆ ಅದನ್ನು ಸರಿ ಮಾಡಲು ಓವರ್‌ಲೋಡಿಗೆ ಇಳಿಯುತ್ತಾರೆ. ಓವರ್‌ಲೋಡ್ ಚಾಳಿ ಬಹಳ ಸಲ ಶುರುವಾಗುವುದೇ ಹೀಗೆ.

ಇನ್ನೊಂದು. "ಎಲ್ಲರೂ ಹೊಡೀತಾರೆ, ನಾವೊಬ್ಬರೇ ಹದಿನಾರು ಟನ್ನಿಗೆ ಓಡಿಸಿದರೆ ಬಾಡಿಗೆ ಕೊಡಲ್ಲ" ಅನ್ನುತ್ತಾರೆ. ಸ್ವಲ್ಪ ಮಟ್ಟಿಗೆ ನಿಜ. ಟ್ರಿಪ್ಪಿನ ಲೆಕ್ಕದಲ್ಲಿ ಬಾಡಿಗೆ ಕೊಡುವ ಕಡೆ ನಿಮ್ಮನ್ನು ಹಿಂದೆ ತಳ್ಳುತ್ತಾರೆ. ಆದ್ದರಿಂದ ಟನ್ ಲೆಕ್ಕದಲ್ಲಿ ಬಾಡಿಗೆ ಕೊಡುವ ಗಿರಾಕಿಯನ್ನು ಹುಡುಕಿ. ದೊಡ್ಡ ರೆಡಿಮಿಕ್ಸ್ ಪ್ಲಾಂಟುಗಳು, ಹೈವೇ ಕಂಟ್ರಾಕ್ಟರುಗಳು, ಕೈಗಾರಿಕಾ ಪ್ರದೇಶದ ಕಟ್ಟಡ ಕೆಲಸಗಳು ಸಾಮಾನ್ಯವಾಗಿ ವೇ ಬ್ರಿಡ್ಜ್ ತೂಕ, ಪರ್ಮಿಟ್, ಬಿಲ್ಲು ಎಲ್ಲ ಕೇಳುತ್ತವೆ. ಅಲ್ಲಿ ನೆಟ್ಟಗೆ ಓಡಿಸುವವನಿಗೆ ಬೆಲೆ ಇದೆ. ದುಡ್ಡು ಕೈಗೆ ಬರುವುದು ತಡ, ಅದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಹಳೆ ಗಾಡಿ, ಹಳೆ ಮೆಷಿನ್ ತಗೊಳ್ಳುವಾಗ

ಟಿಪ್ಪರ್ ಆದರೆ ಎಂಜಿನ್ ಶಬ್ದ ಕೇಳುವ ಮೊದಲು ಗಾಡಿ ಕೆಳಗೆ ಮಲಗಿ. ಡಬ್ಬ ಎತ್ತುವಾಗ ಭಾರ ಬೀಳುವ ಹಿಂದಿನ ಹಿಂಜ್ ಹತ್ತಿರ ಚಾಸಿಯಲ್ಲಿ ಬಿರುಕು ಇದೆಯಾ, ವೆಲ್ಡಿಂಗ್ ಮಾಡಿ ಬಣ್ಣ ಬಳಿದಿದ್ದಾರಾ ನೋಡಿ. ಅಲ್ಲಿ ವೆಲ್ಡಿಂಗ್ ಇದ್ದರೆ ಆ ಗಾಡಿ ಓವರ್‌ಲೋಡಿನಲ್ಲೇ ಬದುಕಿದೆ ಅಂತ ಬಹುಮಟ್ಟಿಗೆ ಹೇಳಬಹುದು. ಲೋಡ್ ಇಟ್ಟು ಡಬ್ಬ ಪೂರ್ತಿ ಎತ್ತಿಸಿ, ಸ್ವಲ್ಪ ಹೊತ್ತು ಹಾಗೇ ನಿಲ್ಲಿಸಿ. ತಾನಾಗೇ ಇಳಿಯುತ್ತಿದ್ದರೆ ಜಾಕ್ ಸೀಲ್ ಹೋಗಿದೆ. ಹಲಗೆ ಏರಿಸಿದ ಡಬ್ಬ ಬೇಡ. ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ಎಫ್‌ಸಿಯಲ್ಲಿ ಸಿಕ್ಕಿ ಬೀಳುತ್ತದೆ. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅಂದರೆ ಎಂಟು ದಾಟಿದ ಗಾಡಿಯ ಬೆಲೆಯಲ್ಲಿ ಈ ಖರ್ಚನ್ನೂ ಕಳೆದೇ ಮಾತಾಡಬೇಕು.

2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಗಳಿಗೆ ಯೂರಿಯಾ, ಅಂದರೆ ಡಿಇಎಫ್ ದ್ರವ ಬೇಕು. ಅದನ್ನು ಉಳಿಸಲು ಕೆಲವರು ಸಾಫ್ಟ್‌ವೇರ್ ತಿದ್ದಿಸಿರುತ್ತಾರೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸದೆ ಬಿಎಸ್ 6 ಹಳೆ ಗಾಡಿ ತಗೊಳ್ಳಬೇಡಿ. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಬಾಕಿ ಚಲನ್, ಫೈನಾನ್ಸ್ ಕಂಪನಿಯ ಎನ್‌ಒಸಿ, ಇಷ್ಟು ನೋಡುವುದು ಎಲ್ಲರಿಗೂ ಗೊತ್ತಿದೆ, ಅದನ್ನು ಹೆಚ್ಚು ಹೇಳುವುದಿಲ್ಲ.

ಇಟಾಚಿ ವಿಷಯ ಬೇರೆ. ಚೈನ್ ಮೇಲೆ ಓಡುವ ಎಕ್ಸ್‌ಕವೇಟರಿನ ರಿಪೇರಿ ಖರ್ಚಿನಲ್ಲಿ ಸುಮಾರು ಅರ್ಧ ಕೆಳಭಾಗಕ್ಕೇ ಹೋಗುತ್ತದೆ: ಚೈನ್, ರೋಲರ್, ಸ್ಪ್ರಾಕೆಟ್, ಐಡ್ಲರ್. ಸ್ಪ್ರಾಕೆಟ್ ಹಲ್ಲು ಚೂಪಾಗಿದ್ದರೆ ಅದು ಒಂದೇ ಬದಲಾದರೆ ಸಾಲದು, ಚೈನೂ ಜೊತೆಗೆ ಹೋಗಿರುತ್ತದೆ. ಬಕೆಟ್ಟನ್ನು ನೆಲಕ್ಕೆ ಒತ್ತಿ ಮೆಷಿನ್ ಮುಂಭಾಗ ಸ್ವಲ್ಪ ಎತ್ತಿಸಿ, ಆಪರೇಟರ್ ಕೂರುವ ಮೇಲಿನ ಮನೆ ಅಲ್ಲಾಡುತ್ತದಾ ನೋಡಿ. ಅಲ್ಲಾಡಿದರೆ ಸ್ವಿಂಗ್ ಬೇರಿಂಗ್ ಖರ್ಚು ಬಾಗಿಲಲ್ಲೇ ನಿಂತಿದೆ. ಬ್ರೇಕರ್ (ಬಂಡೆ ಒಡೆಯುವ ಸುತ್ತಿಗೆ) ಹಾಕಿ ಓಡಿಸಿದ ಮೆಷಿನ್ನಿನ ಬೂಮ್, ಆರ್ಮ್ ಮೇಲೆ ಕೂದಲೆಳೆ ಬಿರುಕು ಹುಡುಕಿ, ಟಾರ್ಚ್ ಹಿಡಿದು, ಗ್ರೀಸ್ ಒರೆಸಿ. ನಮ್ಮ ಕಡೆ ಕ್ವಾರಿ ಮೆಷಿನ್ನುಗಳಲ್ಲಿ ಬ್ರೇಕರ್ ಹೊಡೆಯದೇ ಇರುವುದೇ ಅಪರೂಪ.

ಅವರ್ ಮೀಟರನ್ನು ಪೂರ್ತಿ ನಂಬಬೇಡಿ. ಮೀಟರ್ ನಾಲ್ಕು ಸಾವಿರ ಗಂಟೆ ಅನ್ನುತ್ತಿದ್ದು ಪೆಡಲ್ ರಬ್ಬರ್ ನುಣ್ಣಗಾಗಿ, ಬಕೆಟ್ ಪಿನ್ ಕಡಕಡ ಅನ್ನುತ್ತಿದ್ದರೆ ಮೀಟರೇ ಸುಳ್ಳು. ಟಾಟಾ ಹಿಟಾಚಿಯಲ್ಲಿ ಇನ್‌ಸೈಟ್, ಜೆಸಿಬಿಯಲ್ಲಿ ಲೈವ್‌ಲಿಂಕ್, ಕೊಮಾಟ್ಸುವಿನಲ್ಲಿ ಕೊಮ್‌ಟ್ರ್ಯಾಕ್ಸ್ ಅಂತ ದೂರದಿಂದಲೇ ಗಂಟೆ ಲೆಕ್ಕ ಇಡುವ ವ್ಯವಸ್ಥೆ ಇದೆ. ಮಾರುವವರ ಲಾಗಿನ್‌ನಿಂದ ಅದರ ವರದಿ ತೆಗೆಸಿ. ಕೋಲಾರದ ಕಡೆಯವರಿಗೆ ಒಂದು ಅನುಕೂಲ ಇದೆ. ಕೆಜಿಎಫ್‌ನಲ್ಲಿ ಬಿಇಎಂಎಲ್ ಕಾರ್ಖಾನೆ ಇರುವುದರಿಂದ ಡೋಜರ್, ಎಕ್ಸ್‌ಕವೇಟರ್ ಬಿಚ್ಚಿ ಜೋಡಿಸಿ ನಿವೃತ್ತರಾದವರು ಸುತ್ತಮುತ್ತ ಇದ್ದಾರೆ. ಅಂಥ ಒಬ್ಬರನ್ನು ಅರ್ಧ ದಿನ ಕರೆದುಕೊಂಡು ಹೋಗಿ ತೋರಿಸಿ. ಅವರಿಗೆ ಕೊಡುವ ಕೂಲಿ ಒಂದು ಹೈಡ್ರಾಲಿಕ್ ಪಂಪಿನ ಮುಂದೆ ಏನೇನೂ ಅಲ್ಲ.

ಇನ್ಶೂರೆನ್ಸ್‌ನಲ್ಲಿ ಒಂದು ಮೂಲೆ ಇದೆ, ಅದನ್ನು ಏಜೆಂಟರು ತಾವಾಗೇ ಹೇಳುವುದು ಕಡಿಮೆ. ಎಕ್ಸ್‌ಕವೇಟರ್ ಕೆಲಸ ಮಾಡುತ್ತಾ ಮಗುಚಿದರೆ ಮಾಮೂಲಿ ಮೋಟಾರ್ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ. ಮಗುಚುವುದಕ್ಕೆ ಅಂತ ಬೇರೆ ಪ್ರೀಮಿಯಂ ಕಟ್ಟಿ ಸೇರಿಸಬೇಕು. ಕ್ವಾರಿಯಲ್ಲಿ ಮೆಷಿನ್ನಿಗೆ ಆಗುವ ದೊಡ್ಡ ಅನಾಹುತವೇ ಮಗುಚುವುದು, ಅಲ್ವಾ? ಪಾಲಿಸಿ ಕೈಗೆ ಬಂದಾಗ ಆ ಸಾಲು ಇದೆಯಾ ಅಂತ ನೀವೇ ಬೆರಳಿಟ್ಟು ಓದಿ.

ಬಾಯಿ ಮಾತಿನ ಬಾಡಿಗೆ ಬೇಡ

ಮೆಷಿನ್ನಿಗೆ ಗಂಟೆ ಲೆಕ್ಕವೋ ತಿಂಗಳ ಲೆಕ್ಕವೋ ಅನ್ನುವುದಕ್ಕಿಂತ ತಿಂಗಳಿಗೆ ಕನಿಷ್ಠ ಎಷ್ಟು ಗಂಟೆಯ ದುಡ್ಡು ಗ್ಯಾರಂಟಿ ಅನ್ನುವುದು ಮುಖ್ಯ. ಕ್ವಾರಿಯ ತಪ್ಪಿನಿಂದ ಕೆಲಸ ನಿಂತರೆ ಆ ಗ್ಯಾರಂಟಿ ನಡೆಯಬೇಕು, ಮೆಷಿನ್ ಕೆಟ್ಟರೆ ನಿಮ್ಮ ಗಂಟೆ ಕಡಿತ. ಡೀಸೆಲ್ ಯಾರದ್ದು? 20 ಟನ್ ವರ್ಗದ ಇಟಾಚಿ ಗಂಟೆಗೆ ಹನ್ನೆರಡರಿಂದ ಹದಿನೈದು ಲೀಟರ್ ಕುಡಿಯುತ್ತದೆ, ಬ್ರೇಕರ್ ಹಾಕಿದರೆ ಇನ್ನೂ ಜಾಸ್ತಿ. ಅವರದ್ದೇ ಡೀಸೆಲ್ ಆದರೆ ಕಳಪೆ ಡೀಸೆಲ್‌ನಿಂದ ಇಂಜೆಕ್ಟರ್ ಹೋದರೆ ಯಾರ ಖರ್ಚು ಅಂತಲೂ ಬರೆಸಿ. ಕ್ವಾರಿ ಒಳಗೆ ಬಂಡೆ ಬಿದ್ದು ಮೆಷಿನ್ ಜಖಂ ಆದರೆ? ಬ್ಲಾಸ್ಟಿಂಗ್ ಚೂರು ಬಿದ್ದು ಗಾಜು ಒಡೆದರೆ?

ಒಪ್ಪಂದದಲ್ಲಿ ಈ ಎರಡು ಸಾಲು ಇರಲೇಬೇಕು. ಗುತ್ತಿಗೆ ಗಡಿಯ ಹೊರಗೆ ಮೆಷಿನ್ ಕೆಲಸ ಮಾಡುವುದಿಲ್ಲ. ಪರ್ಮಿಟ್ ಇಲ್ಲದೆ, ಆರ್‌ಸಿ ತೂಕ ಮೀರಿ ಗಾಡಿ ಹೊರಡುವುದಿಲ್ಲ. ಛಾಪಾ ಕಾಗದದ ಮೇಲೆ ಇದು ಇದ್ದರೆ ನಾಳೆ ಸೂಪರ್‌ವೈಸರ್ ಒತ್ತಾಯ ಮಾಡಿದಾಗ ಡ್ರೈವರ್‌ಗೆ ಹೇಳಲು ಒಂದು ಮಾತಿರುತ್ತದೆ, ಕೋರ್ಟಿನಲ್ಲಿ ನಿಮಗೂ ಇರುತ್ತದೆ. ಇನ್ನು ಟಿಡಿಎಸ್, ಅಂದರೆ ಬಾಡಿಗೆ ಕೊಡುವವರು ಮೊದಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ಹತ್ತು ಅಥವಾ ಅದಕ್ಕಿಂತ ಕಡಿಮೆ ಸರಕು ಗಾಡಿ ಇರುವವರು ಪ್ಯಾನ್ ಜೊತೆ ಡಿಕ್ಲರೇಷನ್ ಬರೆದುಕೊಟ್ಟರೆ ಸಾಗಣೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯಬೇಕಾಗಿಲ್ಲ. ಕೊಡದೆ ಇದ್ದರೆ ಹಿಡಿದುಕೊಳ್ಳುತ್ತಾರೆ, ಆಮೇಲೆ ಅದರ ಹಿಂದೆ ಅಲೆಯಬೇಕು.

ಪರ್ಮಿಟ್ ಮತ್ತು ಜಿಪಿಎಸ್

ಗಣಿ ಇಲಾಖೆಯ ಐಎಲ್‌ಎಂಎಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಗಾಡಿ ನೋಂದಣಿ ಆಗಿರಬೇಕು, ಜಿಪಿಎಸ್ ಕೂತಿರಬೇಕು. ಸಾಗಣೆ ಪರ್ಮಿಟ್ ಕಂಪ್ಯೂಟರಿನಿಂದ ಬರುತ್ತದೆ. ಅದರಲ್ಲಿ ಗಾಡಿ ನಂಬರ್, ಮಾಲು, ತೂಕ, ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿನವರೆಗೆ ಎಲ್ಲ ಇರುತ್ತದೆ. ಡ್ರೈವರ್ ಗೇಟ್ ದಾಟುವ ಮೊದಲು ನಂಬರ್ ಪ್ಲೇಟಿಗೂ ಪರ್ಮಿಟ್ಟಿಗೂ ತಾಳೆ ನೋಡಬೇಕು. ಒಂದಂಕಿ ತಪ್ಪಿದ್ದರೂ ಅದು ಬೇರೆ ಗಾಡಿಯ ಪರ್ಮಿಟ್. ವೇ ಬ್ರಿಡ್ಜ್ ಚೀಟಿ 16 ಟನ್ ಅಂದರೆ ಪರ್ಮಿಟ್ಟೂ 16 ಅನ್ನಬೇಕು.

ಒಂದೇ ಪರ್ಮಿಟ್ಟಿನಲ್ಲಿ ಎರಡು ಟ್ರಿಪ್ಪು ಹೊಡೆಯುವ ಹಳೇ ಆಟ ಎಲ್ಲರಿಗೂ ಗೊತ್ತಿರುವುದೇ. ಸರ್ಕಾರಕ್ಕೆ ಕಟ್ಟುವ ರಾಜಧನ ಉಳಿಯುವುದು ಕ್ವಾರಿಯವನಿಗೆ, ಜಿಪಿಎಸ್‌ನಲ್ಲಿ ಎರಡು ಸಲ ಓಡಿದ ಗುರುತು ಬೀಳುವುದು ನಿಮ್ಮ ಗಾಡಿಯ ಮೇಲೆ. ಜಿಪಿಎಸ್ ವೈರ್ ಕಿತ್ತು ಬ್ಯಾಟರಿ ವೀಕ್ ಅಂತ ಹೇಳುವ ಬುದ್ಧಿವಂತರೂ ಇದ್ದಾರೆ. ವೈರ್ ಕಿತ್ತ ಹೊತ್ತೂ ದಾಖಲಾಗುತ್ತದೆ. ಪರ್ಮಿಟ್, ತೂಕದ ಚೀಟಿ, ಇಳಿಸಿದ ಕಡೆಯ ಸಹಿ ಮೂರನ್ನೂ ಫೋಟೋ ಹೊಡೆದು ಒಂದು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ಡ್ರೈವರ್‌ಗೆ ಮಾಡಿಸಿ. ಬಿಲ್ಲಿಗೂ ಅದೇ ಆಧಾರ, ತನಿಖೆಗೂ ಅದೇ.

ಕ್ವಾರಿ ಒಳಗೆ

ಗಾಡಿ ಬಿಡುವ ಮುಂಚೆ ಒಳಗಿನ ರಸ್ತೆಯಲ್ಲಿ ಒಂದು ಸಲ ನಡೆದುಕೊಂಡು ಹೋಗಿ. ಗಣಿ ಸುರಕ್ಷತೆ ನೋಡಿಕೊಳ್ಳುವ ಡಿಜಿಎಂಎಸ್ ಹಾಕುವ ಷರತ್ತುಗಳಲ್ಲಿ ಗಾಡಿ ಓಡುವ ರಸ್ತೆಯ ಇಳಿಜಾರು ಸಾಮಾನ್ಯವಾಗಿ 16 ಅಡಿಗೆ ಒಂದಡಿ, ಚಿಕ್ಕ ರ‍್ಯಾಂಪಿನಲ್ಲಿ ಹೆಚ್ಚೆಂದರೆ 10 ಅಡಿಗೆ ಒಂದಡಿ. ಎರಡು ಕಡೆಯಿಂದ ಗಾಡಿ ಬರುವ ರಸ್ತೆ ದೊಡ್ಡ ಗಾಡಿಯ ಅಗಲದ ಮೂರು ಪಟ್ಟು ಇರಬೇಕು. ಕಂದಕದ ಕಡೆ ಮಣ್ಣಿನ ಏರಿ ಕನಿಷ್ಠ ಒಂದು ಮೀಟರ್. ಬಂಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿರಬೇಕು. 1961ರ ಲೋಹ ಗಣಿ ನಿಯಮದಲ್ಲಿ ಗಟ್ಟಿ ಬಂಡೆಯ ಮೆಟ್ಟಿಲು ಆರು ಮೀಟರಿಗಿಂತ ಎತ್ತರ ಇರಬಾರದು, ಅಗಲ ಎತ್ತರಕ್ಕಿಂತ ಕಡಿಮೆ ಇರಬಾರದು. ವಿಶೇಷ ಅನುಮತಿ ಇದ್ದರೆ ಮಾತು ಬೇರೆ. ನಮ್ಮ ಸುತ್ತಮುತ್ತ ಎಷ್ಟೋ ಕಡೆ ಮೆಟ್ಟಿಲೇ ಇಲ್ಲ, ನೂರಡಿ ನೆಟ್ಟಗೆ ಗೋಡೆ, ಅದರ ಬುಡದಲ್ಲಿ ಇಟಾಚಿ ಬಂಡೆ ಎಳೆಯುತ್ತಿರುತ್ತದೆ. ಅಂಥಾ ಕಡೆ ಯಾವ ಬಾಡಿಗೆಗೂ ಮೆಷಿನ್ ಬಿಡಬೇಡಿ. ಆಪರೇಟರ್ ಅದರೊಳಗೆ ಕೂತಿರುತ್ತಾನೆ.

ಸಿಡಿಮದ್ದಿನ ವಿಷಯದಲ್ಲಿ ಒಂದೇ ನಿಯಮ. ಜಿಲೆಟಿನ್, ಡಿಟೋನೇಟರ್ ನಿಮ್ಮ ಗಾಡಿ ಹತ್ತಬಾರದು. ಅದಕ್ಕೆ ಲೈಸೆನ್ಸ್ ಇರುವ ಬೇರೆ ವ್ಯಾನ್ ಇದೆ, ಸರ್ಟಿಫಿಕೇಟ್ ಇರುವ ಬ್ಲಾಸ್ಟರ್ ಇರುತ್ತಾನೆ. "ಒಂದೇ ಬಾಕ್ಸು ಅಣ್ಣ, ಸೀಟ್ ಹಿಂದೆ ಇಡು" ಅಂದರೂ ಬೇಡ. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಸಿಡಿಮದ್ದು ಸಿಡಿಯಿತು. ಹೆಚ್ಚು ಕಡಿಮೆ ಒಂದು ತಿಂಗಳಿಗೆ ನಮ್ಮದೇ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ, ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ವಿಲೇವಾರಿ ಮಾಡಲು ಹೋಗಿ ಆರು ಜನ ಸತ್ತರು. ಬ್ಲಾಸ್ಟಿಂಗ್ ಹೊತ್ತಿನಲ್ಲಿ ಗಾಡಿಯನ್ನೂ ಜನರನ್ನೂ 500 ಮೀಟರ್ ಆಚೆ ಕಳಿಸಬೇಕು. ಸೈರನ್ ಹೊಡೆಯದೆ ಬ್ಲಾಸ್ಟ್ ಮಾಡುವ ಕ್ವಾರಿಯಿಂದ ಮೆಷಿನ್ ವಾಪಸ್ ತನ್ನಿ.

ದೂಳನ್ನು ಸಣ್ಣದು ಅಂದುಕೊಳ್ಳಬೇಡಿ. ಗ್ರಾನೈಟಿನಲ್ಲಿ ಸಿಲಿಕಾ ಇದೆ, ಅದರ ಸಣ್ಣ ದೂಳು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಬರುತ್ತದೆ. ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ಟವೆಲ್ ಕಟ್ಟಿಕೊಂಡರೆ ಆ ದೂಳು ನಿಲ್ಲುವುದಿಲ್ಲ, ಎನ್ 95 ಮಾಸ್ಕ್ ಬೇಕು, ಡ್ರಿಲ್ ಮಾಡುವಾಗ ನೀರು ಬೇಕು. ಮೆಷಿನ್ನಿನ ಎಸಿ ಕೆಟ್ಟರೆ ಅವತ್ತೇ ರಿಪೇರಿ ಮಾಡಿಸಿ. ಎಸಿ ಇದ್ದರೆ ಆಪರೇಟರ್ ಬಾಗಿಲು ಮುಚ್ಚಿ ಕೂರುತ್ತಾನೆ, ಇಲ್ಲದಿದ್ದರೆ ದಿನವಿಡೀ ದೂಳು ಕುಡಿಯುತ್ತಾನೆ. ಆಪರೇಟರಿಗೆ ಎಸಿ ಯಾಕೆ ಅಂತ ಕೇಳುವ ಮಾಲೀಕರನ್ನು ಒಂದು ಬೇಸಿಗೆ ಮಧ್ಯಾಹ್ನ ಅದೇ ಸೀಟಿನಲ್ಲಿ ಕೂರಿಸಬೇಕು. ಗಣಿ ದೂಳು ಗಣಿಯ ಜೊತೆ ಮುಗಿಯುವುದೂ ಇಲ್ಲ. ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಚಿನ್ನ ತೆಗೆದು ಉಳಿದ ಸೈನೈಡ್ ದಿಬ್ಬಗಳ ದೂಳು ಗಾಳಿ ಬಂದಾಗ ಊರಿನ ಮೇಲೆ ಬರುವುದು ಮಾತ್ರ ಅದರ ಜೊತೆ ನಿಲ್ಲಲಿಲ್ಲ.

ಅನ್‌ಲೋಡ್ ಮಾಡುವ ಜಾಗವನ್ನೂ ಮರೆಯಬೇಡಿ. ಡಬ್ಬ ಎತ್ತುವ ಮೊದಲು ಡ್ರೈವರ್ ಕೆಳಗಿಳಿದು ಮೇಲೆ ನೋಡಬೇಕು, ಕರೆಂಟ್ ವೈರ್ ಇದೆಯಾ ಅಂತ. ಎತ್ತಿದ ಡಬ್ಬ 11 ಕೆವಿ ಲೈನಿಗೆ ತಾಗಿದರೆ ಮಾತಾಡಲು ಯಾರೂ ಉಳಿಯುವುದಿಲ್ಲ. ಒಂದು ಪಕ್ಕ ಇಳಿಜಾರಿದ್ದರೆ ಎತ್ತಬಾರದು. ಎತ್ತಿದ ಡಬ್ಬದ ಕೆಳಗೆ ರಿಪೇರಿಗೆ ಹೋಗುವಾಗ ಕಬ್ಬಿಣದ ಸ್ಟ್ಯಾಂಡ್ ಕೊಟ್ಟೇ ಹೋಗಬೇಕು, ಜಾಕನ್ನು ನಂಬಿ ಅಲ್ಲ.

ಊರ ರಸ್ತೆ, ಹಿಪ್ಪುನೇರಳೆ ತೋಟ

ಕ್ವಾರಿಯಿಂದ ಹೈವೇ ತನಕ ಇರುವ ಎರಡು ಮೂರು ಕಿಲೋಮೀಟರ್ ಊರ ರಸ್ತೆಯಲ್ಲೇ ನಿಮ್ಮ ವ್ಯವಹಾರ ನಿಲ್ಲುವುದು ಅಥವಾ ಬೀಳುವುದು. ಶಿಡ್ಲಘಟ್ಟ, ಚಿಂತಾಮಣಿ ಕಡೆ ರಸ್ತೆ ಪಕ್ಕದಲ್ಲೇ ಹಿಪ್ಪುನೇರಳೆ ತೋಟ. ದೂಳು ಕೂತ ಸೊಪ್ಪು ತಿಂದರೆ ರೇಷ್ಮೆ ಹುಳು ಸರಿಯಾಗಿ ಬೆಳೆಯುವುದಿಲ್ಲ, ಗೂಡು ಕಟ್ಟುವ ಹೊತ್ತಿಗೆ ಬೆಳೆಯೇ ಹೋಗುತ್ತದೆ. ರೈತ ಒಂದು ಬೆಳೆಗೆ ಹಾಕಿದ ದುಡ್ಡು, ನಿದ್ದೆ ಎರಡೂ ಹೋದ ಮೇಲೆ ರಸ್ತೆಗೆ ಕಲ್ಲು ಅಡ್ಡ ಇಟ್ಟರೆ ತಪ್ಪು ಅವನದ್ದಲ್ಲ. ದ್ರಾಕ್ಷಿ, ಟೊಮೆಟೊ ತೋಟದವರದ್ದೂ ಇದೇ ಕಥೆ.

ಟಾರ್ಪಲ್ ಕಟ್ಟಿಯೇ ಗೇಟ್ ದಾಟಬೇಕು, ಪೊಲೀಸ್ ಇದ್ದಾಗ ಮಾತ್ರ ಅಲ್ಲ. ಹಿಂದಿನ ಬಾಗಿಲ ಸಂದಿಯಲ್ಲಿ ಜಲ್ಲಿ ಉದುರುತ್ತಿದ್ದರೆ ರಬ್ಬರ್ ಪಟ್ಟಿ ಹಾಕಿಸಿ, ಬೈಕಿನವರು ಬೀಳುವುದು ಆ ಜಲ್ಲಿ ಮೇಲೇ. ದಿನಕ್ಕೆ ಎರಡು ಮೂರು ಸಲ ಟ್ಯಾಂಕರಿನಿಂದ ರಸ್ತೆಗೆ ನೀರು ಹೊಡೆಸುವುದು ಕ್ವಾರಿಯವರ ಕೆಲಸ. ಅವರು ಮಾಡದಿದ್ದರೆ ಗಾಡಿಯವರೆಲ್ಲ ಸೇರಿ ಒತ್ತಾಯ ಮಾಡಬಹುದು, ಒಬ್ಬರೇ ಹೇಳಿದರೆ ಕೇಳುವುದಿಲ್ಲ. ಬೆಳಗ್ಗೆ ಶಾಲೆ ಶುರುವಾಗುವ ಹೊತ್ತು, ಸಂಜೆ ಬಿಡುವ ಹೊತ್ತು, ಈ ಎರಡು ಹೊತ್ತಲ್ಲಿ ಊರೊಳಗೆ ಗಾಡಿ ಬೇಡ ಅಂತ ಪಂಚಾಯಿತಿ ಜೊತೆ ಕೂತು ಮಾತಾಡಿ ನೀವೇ ಮುಂಚೆ ಹೇಳಿಬಿಡಿ. ಅವರು ಗಲಾಟೆ ಮಾಡಿದ ಮೇಲೆ ಒಪ್ಪಿಕೊಂಡರೆ ಸೋತ ಹಾಗೆ, ಮುಂಚೆ ಹೇಳಿದರೆ ಮರ್ಯಾದೆ.

ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ 2015ರ ತಿದ್ದುಪಡಿಯ ನಂತರ ಬಂದ ನಿಧಿ ಇದೆ. ಗಣಿಯಿಂದ ತೊಂದರೆ ಆದ ಊರುಗಳಿಗೆ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಅದರಿಂದ ದುಡ್ಡು ಬರುತ್ತದೆ. ಊರಿನವರಿಗೆ ಇದು ಗೊತ್ತಿಲ್ಲದಿದ್ದರೆ ನೀವೇ ಹೇಳಿ, ಗ್ರಾಮಸಭೆಯಲ್ಲಿ ಕೇಳಲಿ.

ಡ್ರೈವರ್‌ಗೆ ಟ್ರಿಪ್ಪಿನ ಲೆಕ್ಕದಲ್ಲಿ ಬಾಟಾ ಕೊಟ್ಟರೆ ಅವನು ಓಡಿಸುವುದೇ ಟ್ರಿಪ್ಪು ಹೆಚ್ಚಿಸಲು. ಆಮೇಲೆ ಸ್ಪೀಡ್ ಜಾಸ್ತಿ ಅಂತ ಬೈದರೆ ಏನು ಬಂತು? ತಿಂಗಳ ಸಂಬಳ ಸ್ವಲ್ಪ ಏರಿಸಿ, ಟ್ರಿಪ್ಪಿನ ಬಾಟಾ ಇಳಿಸಿ. ಚಲನ್ ಇಲ್ಲದ ತಿಂಗಳಿಗೆ ಒಂದು ಇನಾಮು ಇಡಿ. ಹೆವಿ ಲೈಸೆನ್ಸ್ ಅಸಲಿ ನೋಡಿ, ಕಣ್ಣು ಪರೀಕ್ಷೆ ಮಾಡಿಸಿ.

ಕೊನೆಗೆ, ಮೊದಲ ಮೂರು ತಿಂಗಳು ಒಂದೇ ಗಾಡಿ ಬಿಡಿ. ಬಿಲ್ಲು ಹೇಳಿದ ದಿನ ಬರುತ್ತದಾ, ಪರ್ಮಿಟ್ ಇಲ್ಲದೆ ಹೊರಡು ಅಂತ ಡ್ರೈವರ್‌ಗೆ ಎಷ್ಟು ಸಲ ಫೋನ್ ಬಂತು, 16 ಟನ್ನಿನ ಲೆಕ್ಕದಲ್ಲಿ ಟೈರ್ ಖಾತೆಗೆ ದುಡ್ಡು ಹೋಯಿತಾ ಅಂತ ನೋಡಿ. ಈ ಮೂರೂ ಸರಿ ಇದ್ದರೆ ಎರಡನೇ ಗಾಡಿಗೆ ಬ್ಯಾಂಕಿಗೆ ಹೋಗಿ. ಇಲ್ಲದಿದ್ದರೆ ಇರುವ ಗಾಡಿಯನ್ನು ಬೇರೆ ಕ್ವಾರಿಗೆ ತಿರುಗಿಸಿ. ಹೊರಡುವಾಗ ಬಾಕಿ ಬಿಲ್ಲಿನ ಲೆಕ್ಕ ಬರೆಸಿ ಸಹಿ ಹಾಕಿಸಿಕೊಳ್ಳಿ, ಗೇಟ್ ದಾಟಿದ ಮೇಲೆ ಯಾರೂ ಹಾಕಿಕೊಡುವುದಿಲ್ಲ.